ಅಲಾಸ್ಕಾ ಕ್ರೂಸ್‌ಗೆ ಯಾವ ಲೆನ್ಸ್? 100-400 ಸಾಕಾ, 600 ಬೇಕೇ ಬೇಕಾ?

ಕಡಲಕಾಗೆ:
ಜುಲೈ ಕೊನೇ ವಾರ ಏಳು ದಿನದ ಅಲಾಸ್ಕಾ ಕ್ರೂಸ್. ದೊಡ್ಡ ಹಡಗು. ಕೆಚಿಕನ್, ಜೂನೋ, ಸ್ಕ್ಯಾಗ್ವೇ, ಒಂದಿಡೀ ದಿನ ಗ್ಲೇಸಿಯರ್ ಬೇ. ಜೂನೋದಲ್ಲಿ ಸಣ್ಣ ಬೋಟಿನ ತಿಮಿಂಗಿಲ ಟ್ರಿಪ್ ಬುಕ್ ಆಗಿದೆ. ಕೈಲಿರೋದು 24 ಮೆಗಾಪಿಕ್ಸೆಲ್ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರ್) ಬಾಡಿ, 18-135, ಹಳೇ 55-250 ಮಿ.ಮೀ. ಲೆನ್ಸ್‌ಗಳು.
ಮೂರು ಆಯ್ಕೆ ನೋಡ್ತಿದ್ದೀನಿ. ಒಂದು 100-400. ಇನ್ನೊಂದು 2 ಕೆಜಿ ತೂಗೋ 200-600. ಇಲ್ಲಾಂದ್ರೆ ಎಲ್ಲಾ ಬಿಟ್ಟು 24-600 ಜೂಮ್ ಇರೋ, ಲೆನ್ಸ್ ಬದಲಿಸೋಕಾಗದ ಬ್ರಿಡ್ಜ್ ಕ್ಯಾಮೆರಾ. ಟ್ರೈಪಾಡ್, ಪೋಲರೈಸರ್ (ಹೊಳಪು ಕಳೆಯೋ ಫಿಲ್ಟರ್) ಹೊರಬೇಕಾ ಅನ್ನೋದನ್ನೂ ಹೇಳಿ.

ಉದ್ದಮೂತಿ:
600 ತಗೊಳ್ಳಿ, ಯೋಚನೆ ಬೇಡ. ಕಾಡುಪ್ರಾಣಿಗೆ ಲೆನ್ಸ್ ಎಷ್ಟು ಉದ್ದ ಇದ್ರೂ ಸಾಲಲ್ಲ.

ಲೆಕ್ಕದಪುಸ್ತಕ:
ಯೋಚನೆ ಬೇಕು ಸ್ವಾಮಿ, ಲೆಕ್ಕವೂ ಬೇಕು. ಸೆನ್ಸರ್ ಅಗಲವನ್ನ ದೂರದಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ (ಲೆನ್ಸಿನ ಮಿ.ಮೀ. ಅಂಕಿ) ಭಾಗಿಸಿ. ಫ್ರೇಮಿನಲ್ಲಿ ಎಷ್ಟು ಅಗಲ ಹಿಡಿಯುತ್ತೆ ಅಂತ ಸಿಗುತ್ತೆ. ಎಪಿಎಸ್-ಸಿ ಅಂದ್ರೆ ಸುಮಾರು 23.5 ಮಿ.ಮೀ.

ಅಲಾಸ್ಕಾದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ ಬೋಟು 100 ಗಜಕ್ಕಿಂತ, ಅಂದ್ರೆ 91 ಮೀಟರಿಗಿಂತ ಹತ್ತಿರ ಹೋಗೋ ಹಾಗಿಲ್ಲ, ಕಾನೂನು. ಆ ದೂರದಲ್ಲಿ 400 ಮಿ.ಮೀ.ಗೆ ಫ್ರೇಮ್ ಅಗಲ 5.3 ಮೀಟರ್. ದೊಡ್ಡ ಹಂಪ್‌ಬ್ಯಾಕ್ ಬಾಲ ನಾಲ್ಕು-ನಾಲ್ಕೂವರೆ ಮೀಟರ್ ಅಗಲ. ಅಂದ್ರೆ ಫ್ರೇಮು ಆಗ್ಲೇ ತುಂಬಿತು. 600ಕ್ಕೆ ಹೋದ್ರೆ 3.6 ಮೀಟರ್, ಬಾಲದ ಎರಡೂ ತುದಿ ಕಟ್.

ಅದಕ್ಕಿಂತ ತೊಂದರೆ 200-600ರ ಆ 200 ತುದಿಯದು. 91 ಮೀಟರಲ್ಲಿ ಅದು ಹಿಡಿಯೋದು 10.7 ಮೀಟರ್ ಅಗಲ, 7 ಮೀಟರ್ ಎತ್ತರ. ತಿಮಿಂಗಿಲ 13-14 ಮೀಟರ್ ಉದ್ದ. ಪೂರಾ ಮೈ ಹೊರಗೆ ಚಿಮ್ಮಿತು ಅಂದ್ರೆ ಫೋಟೋದಲ್ಲಿ ಹೊಟ್ಟೆ ಮಾತ್ರ. 100ಕ್ಕೆ ಇಳಿಸೋಕಾದ್ರೆ 21 ಮೀಟರ್ ಅಗಲ, ಹಾರಿದ್ದೂ ಬರುತ್ತೆ, ಎರಚಿದ ನೀರೂ ಬರುತ್ತೆ.

ಉದ್ದಮೂತಿ:
ಅದು ಸಣ್ಣ ಬೋಟಿನ ಲೆಕ್ಕ. ಏಳು ದಿನದಲ್ಲಿ ಆರು ದಿನ ಇವರು ದೊಡ್ಡ ಹಡಗಲ್ಲೇ ಇರ್ತಾರೆ. ಅಲ್ಲಿಂದ ತಿಮಿಂಗಿಲ ಅರ್ಧ ಕಿ.ಮೀ. ದೂರ.

ಲೆಕ್ಕದಪುಸ್ತಕ:
ಸರಿ, 500 ಮೀಟರ್. 400ಕ್ಕೆ ಫ್ರೇಮ್ ಅಗಲ 29 ಮೀಟರ್, 600ಕ್ಕೆ 19.6. ಬಾಲ ಒಂದರಲ್ಲಿ ಆರನೇ ಒಂದು ಪಾಲು, ಇನ್ನೊಂದರಲ್ಲಿ ನಾಲ್ಕನೇ ಒಂದು ಪಾಲಿಗಿಂತ ಚೂರು ಕಮ್ಮಿ. ಎರಡೂ ಚಿಕ್ಕದೇ. ಅಷ್ಟು ದೂರದ ತಿಮಿಂಗಿಲಕ್ಕೆ ಮಂಜು, ಬೆಟ್ಟ ಸೇರಿಸಿ ದೊಡ್ಡ ಚಿತ್ರವಾಗಿ ತೆಗೆದ್ರೇನೇ ಚೆಂದ.

ಗಾಳಿಮಾತು:
ಎಲ್ಲರೂ ಮಿ.ಮೀ. ಹಿಡ್ಕೊಂಡು ಜಗಳ ಆಡ್ತಿದ್ದೀರಿ. ಅರ್ಧ ಕಿ.ಮೀ. ದೂರದಲ್ಲಿ ನಿಮ್ಮ ಶತ್ರು ಗಾಳಿ. ತಣ್ಣಗಿನ ನೀರಿನ ಮೇಲೆ ಬೆಚ್ಚಗಿನ ಗಾಳಿ ಕೂತಾಗ ದೂರದ್ದೆಲ್ಲ ಕಾದ ಹೆಂಚಿನ ಮೇಲಿನ ಹಬೆ ಥರ ನಡುಗುತ್ತೆ. ಎಷ್ಟು ದುಬಾರಿ ಲೆನ್ಸ್ ಆದ್ರೂ ಹಿಡಿಯೋದು ಆ ನಡುಕವನ್ನೇ. ಫೋಟೋ ಮೆತ್ತಗೆ ಬಂದ್ರೆ ಲೆನ್ಸಿಗೆ ಬೈತಾರೆ ಪಾಪ.

ಹಡಗಲ್ಲಿ ಇನ್ನೂ ಎರಡು ಕಡೆ ಬಿಸಿಗಾಳಿ ಬರುತ್ತೆ. ಹೊಗೆಕೊಳವೆ: ಹಿಂದಿನ ಮೇಲ್ಡೆಕ್ಕಿನಲ್ಲಿ ನಿಂತು ಅದರ ಗಾಳಿಯ ಮೂಲಕ ತೆಗೆದ್ರೆ ಕೆಲಸ ಕೆಟ್ಟಿತು. ಇನ್ನೊಂದು ನಿಮ್ಮದೇ ಬಾಲ್ಕನಿ ಬಾಗಿಲು. ತೆರೆದಿಟ್ರೆ ಕೋಣೆಯ ಬಿಸಿಗಾಳಿ ಲೆನ್ಸ್ ಮುಂದೇನೇ ಹರಿದು ಹೋಗುತ್ತೆ. ಹೊರಗೆ ಬಂದು ಬಾಗಿಲು ಮುಚ್ಚಿ. ಲೆನ್ಸ್ ಹೊರಗಿನ ತಂಪಿಗೆ ಹೊಂದಿಕೊಳ್ಳೋ ತನಕ ಹುಡ್ (ಲೆನ್ಸ್ ತುದಿಯ ಕೊಳವೆ) ಬಿಚ್ಚಿಡಿ, ಬಿಸಿಗಾಳಿ ಹುಡ್ ಒಳಗೂ ಕೂತಿರುತ್ತೆ.

ಮಂಗಳಾರತಿ:
ಮಾರಾಯ್ರೆ, ಹಾಗಾದ್ರೆ ಲೆನ್ಸಿನ ಜೂಮ್ ಹೆಚ್ಚಿಸುವ ಟೆಲಿಕನ್ವರ್ಟರ್ ಹಾಕಿದ್ರೂ ದಂಡವಾ?

ಗಾಳಿಮಾತು:
ಹಡಗಿಂದ ಹೆಚ್ಚುಕಮ್ಮಿ ದಂಡವೇ. 1.4 ಕನ್ವರ್ಟರ್ ಒಂದು ಸ್ಟಾಪ್, ಅಂದ್ರೆ ಅರ್ಧದಷ್ಟು ಬೆಳಕು ನುಂಗುತ್ತೆ. ಎಫ್ 6.3 ಇದ್ದದ್ದು ಎಫ್ 9 (ಎಫ್ ಅಂಕಿ ಹೆಚ್ಚಾದಷ್ಟೂ ಬೆಳಕು ಕಮ್ಮಿ). ಕೆಚಿಕನ್ ಕಡೆ ವರ್ಷದ ಮಳೆ 3,500 ಮಿ.ಮೀ. ದಾಟುತ್ತೆ, ಮೋಡದ ಬೆಳಕು. ಎಫ್ 9ರಲ್ಲಿ 1/2000 ಸೆಕೆಂಡ್ ಶಟರ್ ಬೇಕು ಅಂದ್ರೆ ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಎಲ್ಲಿಗೋ ಹೋಗುತ್ತೆ, ಫೋಕಸ್ಸೂ ನಿಧಾನ. ಕೊಂಡುಕೊಳ್ಳೋ ಮೊದಲು ನಿಮ್ಮ ಲೆನ್ಸಿಗೆ ಅದು ಹೇಗೆ ಕೂರುತ್ತೆ ಅಂತಲೂ ನೋಡ್ಕೊಳ್ಳಿ. ಕ್ಯಾನನ್ ಆರ್‌ಎಫ್ 100-500ಕ್ಕೆ ಕನ್ವರ್ಟರ್ ಹಾಕಿದ್ರೆ ಜೂಮ್ 300ಕ್ಕಿಂತ ಕೆಳಗೆ ಇಳಿಯೋದೇ ಇಲ್ಲ.

ಒಂದೇಬ್ಯಾಗು:
ಬ್ರಿಡ್ಜ್ ಕ್ಯಾಮೆರಾ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಸೋನಿ ಆರ್‌ಎಕ್ಸ್ 10 ಮಾರ್ಕ್ 4 ಥರದ್ದು ಕ್ರೂಸಿಗೆ ಹೇಳಿ ಮಾಡಿಸಿದ ಹಾಗಿದೆ. 1 ಇಂಚಿನ ಸೆನ್ಸರ್, 24ರಿಂದ 600ಕ್ಕೆ ಸಮನಾದ ಜೂಮ್, ಆ ತುದಿಯಲ್ಲೂ ಎಫ್ 4, ತೂಕ 1.1 ಕೆಜಿ. ಲೆನ್ಸ್ ಬದಲಿಸೋ ಪ್ರಶ್ನೆಯೇ ಇಲ್ಲ, ಉಪ್ಪುಗಾಳಿಯಲ್ಲಿ ಅದು ಸಣ್ಣ ಲಾಭ ಅಲ್ಲ.

ಉದ್ದಮೂತಿ:
1 ಇಂಚು ಅಂತ ಹೆಸರಷ್ಟೇ, ನಿಜವಾದ ಅಗಲ 13.2 ಮಿ.ಮೀ. ಮೋಡದಲ್ಲಿ ಐಎಸ್‌ಒ 3200 ದಾಟಿದ ಮೇಲೆ ಹದ್ದಿನ ಗರಿ ಎಲ್ಲಾ ರವೆ ರವೆ.

ಒಂದೇಬ್ಯಾಗು:
ನಿಮ್ಮ ಲೆನ್ಸ್ ಎಫ್ 6.3ರಲ್ಲಿ ಐಎಸ್‌ಒ 3200 ಕೇಳೋ ಜಾಗದಲ್ಲಿ ಇದು ಎಫ್ 4ರಲ್ಲಿ 1250 ಕೇಳುತ್ತೆ. ಸೆನ್ಸರ್ ಚಿಕ್ಕದು ಅನ್ನೋ ನಷ್ಟದ ಮುಕ್ಕಾಲು ಪಾಲು ಅಲ್ಲೇ ವಾಪಸ್ ಬಂತು. ದೊಡ್ಡ ಪ್ರಿಂಟ್ ಹಾಕೋರಲ್ಲದಿದ್ರೆ ವ್ಯತ್ಯಾಸ ಹುಡುಕ್ಬೇಕು.

ಕಡಲಕಾಗೆ:
ದೊಡ್ಡ ಪ್ರಿಂಟ್ ಹಾಕೋ ಆಸೆ ಇದೆ 🙂 ಹಾಗಾಗಿ 100-400 ಕಡೆ ವಾಲ್ತಿದ್ದೀನಿ. ಆದ್ರೆ ಹಿಮನದಿಗೆ? ಅಲ್ಲಿ ವೈಡ್ ಬೇಕು ಅಂತಾರಲ್ಲ.

ಹಿಮಗಣ್ಣು:
ವೈಡ್ ಬೇಕು ಅನ್ನೋದು ಅರ್ಧ ಸತ್ಯ. ಗ್ಲೇಸಿಯರ್ ಬೇಯ ಮಾರ್ಜರಿ ಹಿಮನದಿಯ ಮುಖ ಸುಮಾರು 1.6 ಕಿ.ಮೀ. ಅಗಲ, ನೀರಿನ ಮೇಲೆ ಸುಮಾರು 75 ಮೀಟರ್ ಎತ್ತರ. ಹಡಗು 800 ಮೀಟರ್ ದೂರ ನಿಂತಿದೆ ಅಂತಿಟ್ಕೊಳ್ಳಿ. 18 ಮಿ.ಮೀ.ಗೆ ಹೆಚ್ಚುಕಮ್ಮಿ 1 ಕಿ.ಮೀ. ಅಗಲ ಬರುತ್ತೆ, ಆದ್ರೆ ಹಿಮದ ಗೋಡೆ ಚಿತ್ರದ ಮಧ್ಯೆ ಬಿಳಿ ರಿಬ್ಬನ್ ಥರ ಕಾಣುತ್ತೆ. ಮೇಲೆ ಬರೀ ಆಕಾಶ, ಕೆಳಗೆ ಬರೀ ನೀರು. ಅದರ ಬದಲು 50-70 ಮಿ.ಮೀ.ನಲ್ಲಿ ಕ್ಯಾಮೆರಾ ನೆಟ್ಟಗೆ ಹಿಡಿದು ಒಂದರ ಮೇಲೊಂದು ಮೂರನೇ ಒಂದು ಭಾಗ ಸೇರೋ ಹಾಗೆ ಏಳೆಂಟು ತೆಗೆದು ಪನೋರಮಾ ಹೊಲಿಯಿರಿ. ಹಡಗು ನಿಂತಲ್ಲೇ ತಿರುಗ್ತಾ ಇರುತ್ತೆ, ಬೇಗ ಬೇಗ ತೆಗೀಬೇಕು. ನಿಧಾನ ಮಾಡಿದ್ರೆ ಮುಂದೆ ತೇಲೋ ಹಿಮಗಡ್ಡೆಗಳು ಎರಡೆರಡು ಸಲ ಬಂದು ಕೂರ್ತವೆ.

ಹಿಮ ಕಳಚಿ ಬೀಳೋದನ್ನ ಹಿಡಿಯೋಕೆ 100-200. ನಿಮ್ಮ ಕ್ಯಾಮೆರಾದಲ್ಲಿ 150 ಮಿ.ಮೀ. ಅಡ್ಡ ಹಿಡಿದ್ರೆ 83 ಮೀಟರ್ ಎತ್ತರ ಸಿಗುತ್ತೆ, ಗೋಡೆ ಬುಡದಿಂದ ತುದಿವರೆಗೆ ಬಂತು.

ಇಲ್ಲಿ ಎಲ್ಲರೂ ಮೋಸ ಹೋಗೋದು ಶಬ್ದ ನಂಬಿ. 800 ಮೀಟರ್ ದಾಟಿ ಶಬ್ದ ಬರೋಕೆ 2.4 ಸೆಕೆಂಡ್. ತುದಿಯಿಂದ ಬಿಟ್ಟ ಗಡ್ಡೆ ನೀರು ಮುಟ್ಟೋಕೆ 4 ಸೆಕೆಂಡಿನೊಳಗೆ, ಮಧ್ಯದಿಂದ ಬಿಟ್ಟದ್ದು 3ಕ್ಕೂ ಕಮ್ಮಿ. ‘ಢಂ’ ಅಂದಾಗ ಕ್ಯಾಮೆರಾ ಎತ್ತಿದ್ರೆ ಸಿಗೋದು ನೀರಿನ ಎರಚಲು ಮಾತ್ರ. ಅದಕ್ಕೇ ಒಂದು ಜಾಗ ಆರಿಸ್ಕೊಂಡು ಕಣ್ಣು ಅಲ್ಲೇ ಇಡಿ. ಸಣ್ಣ ಪುಡಿ ಉದುರ್ತಿರೋ ಕಡೆ, ಬುಡದಲ್ಲಿ ನೀರು ಕೊರೆದು ಗುಹೆ ಆಗಿರೋ ಕಡೆ.

ಪುಟ್ಟಬಟನ್:
ಕ್ಯಾಮೆರಾದಲ್ಲಿ ಪ್ರೀ-ಕ್ಯಾಪ್ಚರ್ ಇದ್ರೆ ಅಲ್ಲಿ ಬಳಸಿ. ಬಟನ್ ಅರ್ಧ ಒತ್ತಿದಾಗಿಂದ ಒಳಗೊಳಗೇ ತೆಗೀತಾ ಇರುತ್ತೆ, ಪೂರ್ತಿ ಒತ್ತಿದಾಗ ಹಿಂದಿನ ಅರ್ಧ-ಒಂದು ಸೆಕೆಂಡಿನದ್ದೂ ಕಾರ್ಡಿಗೆ ಬರುತ್ತೆ. ಒಲಿಂಪಸ್, ಓಎಂ ಬಾಡಿಗಳಲ್ಲಿ ರಾ (ಸಂಸ್ಕರಿಸದ ಪೂರ್ತಿ ಫೈಲ್) ಸಿಗುತ್ತೆ. ನಿಕಾನ್ ಝಡ್ 8, ಝಡ್ 9ರಲ್ಲಿ ಜೆಪೆಗ್ ಮಾತ್ರ. ಕ್ಯಾನನ್ ಆರ್ 7ನಲ್ಲಿ ಅರ್ಧ ಸೆಕೆಂಡು, ಅದೂ ರಾ ಬರ್ಸ್ಟ್ ಅಂತ ಬೇರೆ ಫೈಲಾಗಿ ಬರುತ್ತೆ, ಆಮೇಲೆ ಅದರಿಂದ ಒಂದೊಂದೇ ಚಿತ್ರ ಬಿಡಿಸ್ಕೋಬೇಕು.
ಎಲೆಕ್ಟ್ರಾನಿಕ್ ಶಟರ್ ಆದ್ದರಿಂದ ರೀಡೌಟ್ (ಚಿತ್ರ ಓದಿಕೊಳ್ಳೋದು) ನಿಧಾನ ಇರೋ ಸೆನ್ಸರಿನಲ್ಲಿ ಹಾರೋ ಹಕ್ಕಿಯ ರೆಕ್ಕೆ ಬಾಗಿ ಬರುತ್ತೆ. ಹಿಮಕ್ಕೆ ಪರವಾಗಿಲ್ಲ, ಹದ್ದಿಗೆ ಮೆಕ್ಯಾನಿಕಲ್ ಹಾಕಿ.

ಮಂಗಳಾರತಿ:
ಹಿಮ ಎಲ್ಲ ಬೂದಿ ಬಣ್ಣ ಬರ್ತದಲ್ಲ, ಅದಕ್ಕೆಂತ ಮಾಡುವುದು?

ಹಿಮಗಣ್ಣು:
ಮೀಟರ್ ಎಲ್ಲವನ್ನೂ ಮಧ್ಯಮ ಬೂದಿ ಅಂತ ಭಾವಿಸಿ ಅಳೆಯುತ್ತೆ, ಅದಕ್ಕೆ. ಫ್ರೇಮ್ ಪೂರಾ ಬೆಳ್ಳಗಿದ್ರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಬೆಳಕು ಹೆಚ್ಚು-ಕಮ್ಮಿ ಮಾಡೋದು) +1ರಿಂದ +1.7. ತೀರಾ ಬೆಳ್ಳಗಾದ ಜಾಗ ಮಿನುಗಿಸಿ ತೋರಿಸೋ ಹೈಲೈಟ್ ಎಚ್ಚರಿಕೆ ಆನ್ ಮಾಡಿ, ಮಿನುಗೋ ಮುಂಚೆ ನಿಲ್ಲಿಸಿ. ಕಪ್ಪು ಬೆಟ್ಟದ ಮಧ್ಯೆ ತುಣುಕು ಹಿಮ ಇದ್ರೆ ಉಲ್ಟಾ, ಅಲ್ಲಿ ಮೈನಸ್ ಬೇಕು. ನೀಲಿ ಹಿಮ ನಿಜಕ್ಕೂ ನೀಲಿಯೇ. ಆಟೋ ವೈಟ್ ಬ್ಯಾಲೆನ್ಸ್ ಅದನ್ನ ಸರಿ ಮಾಡ್ತೀನಿ ಅಂತ ಹೋಗಿ ಕೆಡಿಸುತ್ತೆ, ಡೇಲೈಟ್‌ನಲ್ಲಿ ಇಡಿ.

ಮೂರುಕಾಲು:
ಟ್ರೈಪಾಡ್ ಕೇಳಿದ್ರಲ್ಲ, ನನ್ನ ಹೆಸರು ನೋಡಿ ಮೋಸ ಹೋಗ್ಬೇಡಿ. ಹಡಗಿಗೆ ಬೇಡ. ಎಂಜಿನ್ ನಡುಕ ಡೆಕ್ಕಿನಿಂದ ಕಾಲಿಗೆ, ಕಾಲಿಂದ ಸೀದಾ ಕ್ಯಾಮೆರಾಕ್ಕೆ. ರೇಲಿಂಗ್ ಮೇಲೆ ಮೊಣಕೈ ಊರಿದ್ರೂ ಅದೇ ಕಥೆ. ನಿಮ್ಮ ಮಂಡಿಗಿಂತ ಒಳ್ಳೇ ಶಾಕ್ ಅಬ್ಸಾರ್ಬರ್ ಇಲ್ಲ. ಕಾಲು ಅಗಲಿಸಿ, ಮಂಡಿ ಸಡಿಲ ಬಿಟ್ಟು, ಮೊಣಕೈ ಪಕ್ಕೆಗೆ ಒತ್ತಿ ನಿಲ್ಲಿ. ಭಾರದ ಲೆನ್ಸ್ ಆದ್ರೆ ಮಾನೋಪಾಡ್, ಅದರ ತುದಿ ನೆಲಕ್ಕಲ್ಲ, ಸೊಂಟದ ಬೆಲ್ಟಿನಲ್ಲಿ ಚೀಲ ಕಟ್ಟಿ ಅದರೊಳಗೆ.
ಸ್ಟೆಬಿಲೈಸರ್ ಆನ್ ಇರಲಿ. ಅದು ತಡೆಯೋದು ನಿಮ್ಮ ಕೈಯ ಅಲುಗಾಟ, ಎದುರಿನ ಪ್ರಾಣಿಯ ಓಟ ಅಲ್ಲ. ಶಟರ್ ವೇಗ ತಿಮಿಂಗಿಲದ ಬಾಲಕ್ಕೆ 1/1250 ಇರಲಿ, ಚಿಮ್ಮೋದಕ್ಕೆ 1/2000, ಹಾರೋ ಹಕ್ಕಿಗೆ 1/2500ರ ಮೇಲೆ. ಮ್ಯಾನುಯಲ್ ಇಟ್ಟು ಆಟೋ ಐಎಸ್‌ಒ ಬಿಡಿ. ರಾತ್ರಿ ಉತ್ತರದ ಬೆಳಕು (ಅರೋರಾ) ಬಂದ್ರೂ ಟ್ರೈಪಾಡ್ ಉಪಯೋಗ ಇಲ್ಲ, 15 ಸೆಕೆಂಡ್ ತೆರೆದ್ರೆ ನಕ್ಷತ್ರ ಎಲ್ಲಾ ಹುಳ ಹರಿದ ಹಾಗೆ. ಎಫ್ 1.8 ಲೆನ್ಸ್, ಐಎಸ್‌ಒ 6400, 1 ಸೆಕೆಂಡ್, ಅಷ್ಟೇ.

ಹಿಮಗಣ್ಣು:
ಜುಲೈಯಲ್ಲಿ ಉತ್ತರದ ಬೆಳಕಾ? ಆಕಾಶ ಕತ್ತಲಾಗೋದೇ ಕಷ್ಟ. ಜೂನ್ ಕೊನೆಗೆ ಜೂನೋದಲ್ಲಿ ಹಗಲು 18 ಗಂಟೆ, ಜುಲೈ ಕೊನೆಗೂ 16ರ ಮೇಲೆ. ಸೆಪ್ಟೆಂಬರಿನವರಿಗೆ ಹೇಳಿ ಅದನ್ನ.

ಮೂರುಕಾಲು:
ಒಪ್ಪಿದೆ. ತಿಂಗಳು ಗಮನಿಸಲಿಲ್ಲ.

ಉಪ್ಪಿನಕಾಯಿ:
ಉಪ್ಪಿನ ವಿಷ್ಯ ಯಾರೂ ಹೇಳವಲ್ರಿ. ಲೆನ್ಸಿನ ಮ್ಯಾಲೆ ಸಮುದ್ರದ ನೀರು ಹಾರಿ ಒಣಗಿತಂದ್ರ ಉಳಿಯೋದು ಉಪ್ಪಿನ ಹರಳು. ಒಣಬಟ್ಟೀಲೆ ತಿಕ್ಕಿದ್ರ ಸ್ಯಾಂಡ್‌ಪೇಪರ್ ಹೊಡದಂಗ. ಮೊದಲ ಸಿಹಿನೀರಾಗ ಅದ್ದಿ ಗಟ್ಟಿ ಹಿಂಡಿದ ಬಟ್ಟೀಲೆ ಒರಸ್ರಿ, ಹರಳು ಕರಗಲಿ. ಆಮೇಲೆ ಒಣಬಟ್ಟಿ. ರಾತ್ರಿ ದಿನಾ ಇದನ್ನ ಮಾಡ್ರಿ, ಡಯಲ್ ಸಂದಿ, ಮೌಂಟ್ ಸುತ್ತ, ಬೆಲ್ಟಿನ ಕೊಂಡಿ ಸೈತ.
ಇನ್ನೊಂದು, 100-400 ಥರ ಉದ್ದಕ ಹೊರಗ ಚಾಚೋ ಲೆನ್ಸ್ ಒಳಗ ಎಳಕೊಳ್ಳೂ ಮುಂದ ಮೈಮ್ಯಾಲಿನ ಹನಿ ಒಳಗ ಒಯ್ತದ. ಮಳ್ಯಾಗ ಹೊರಗ ಚಾಚಿದಾಗ ಒರಸಿ, ಆಮೇಲೆ ಒಳಗ ತಗೋರಿ. ಸೋನಿ 200-600, ನಿಕಾನ್ 180-600ಕ್ಕ ಈ ಕಾಟ ಇಲ್ಲ, ಜೂಮ್ ಒಳಗೇ ಆಗ್ತದ. 600ರ ಪರ ಒಂದು ಮಾತು ಆತು ನೋಡ್ರಿ.

ಉದ್ದಮೂತಿ:
ಕೊನೆಗೂ ಒಬ್ಬರು!

ಸಣ್ಣಚೀಲ:
ಮಂಜು ಹಿಡಿಯೋದಕ್ಕೂ ಸೇರಿಸ್ತೀನಿ. ಅಲಾಸ್ಕಾದಲ್ಲಿ ಹೊರಗೆ ತಂಪು, ಒಳಗೆ ಬೆಚ್ಚಗೆ. ತಂಪಾದ ಕ್ಯಾಮೆರಾ ಒಳಗೆ ತಂದ ಕೂಡಲೇ ಗಾಜಿನ ಮೇಲೆ ಹನಿ ಕೂರುತ್ತೆ. ಒಳಗೆ ಬರೋ ಮುಂಚೆ, ಹೊರಗೇ, ಜಿಪ್‌ಲಾಕ್ ಚೀಲಕ್ಕೆ ಹಾಕಿ ಗಾಳಿ ತೆಗೆದು ಮುಚ್ಚಿ. ಹನಿ ಚೀಲದ ಹೊರಮೈಗೆ ಕೂರುತ್ತೆ. ಅರ್ಧದಿಂದ ಒಂದು ಗಂಟೆ ಬಿಚ್ಚಬೇಡಿ. ಕಾರ್ಡ್ ಬೇಕಿದ್ರೆ ಅದನ್ನೂ ಹೊರಗೇ ತೆಗೆದಿಟ್ಕೊಳ್ಳಿ, ಇಲ್ಲಾಂದ್ರೆ ಆಸೆ ತಡೆಯೋಲ್ಲ, ಚೀಲ ತೆರೀತೀರಿ. ಗಲಾಪಗಸ್‌ನಂಥ ಕಡೆ ಇದೇ ಉಲ್ಟಾ: ಏಸಿ ಕೋಣೆಯಿಂದ ಹೊರಗೆ ಬಂದಾಗ ಮಂಜು.

ಬಿಸಿಲುಕುದುರೆ:
ಪೋಲರೈಸರ್? ಯುವಿ ಫಿಲ್ಟರ್?

ಗಾಳಿಮಾತು:
ಪೋಲರೈಸರ್ 18-135ಕ್ಕೆ ಇರಲಿ, ಒದ್ದೆ ಕಾಡಿನ ಎಲೆಯ ಹೊಳಪು, ನೀರಿನ ಮೇಲಿನ ಹೊಳಪು ಕಳೆಯುತ್ತೆ. ಒಂದೂವರೆ ಸ್ಟಾಪ್ ನುಂಗುತ್ತೆ, ಆದ್ದರಿಂದ ಟೆಲಿಗೆ ಬೇಡ. ವೈಡ್ ತುದಿಯಲ್ಲಿ ಆಕಾಶದ ಒಂದು ಮೂಲೆ ಮಾತ್ರ ಕಡುನೀಲಿ ಆಗುತ್ತೆ, ಪನೋರಮಾಕ್ಕೆ ಕಡ್ಡಾಯವಾಗಿ ಬಿಚ್ಚಿ.

ಉಪ್ಪಿನಕಾಯಿ:
ಯುವಿ ಹಾಕ್ರಿ, ನೀರು ಹಾರೋ ಸಣ್ಣ ಬೋಟಿನಾಗ ಮಾತ್ರ. ಸೂರ್ಯನ ಎದುರು ಹಿಡಿಯೂ ಮುಂದ ಅದನ್ನ ಬಿಚ್ಚಿಡ್ರಿ.

ಉದ್ದಮೂತಿ:
ಲೆನ್ಸ್ ಮುಂದೆ ಇನ್ನೊಂದು ಗಾಜು ಯಾಕೆ? ಹುಡ್ ಸಾಕು.

ಉಪ್ಪಿನಕಾಯಿ:
ಹುಡ್ ಉಪ್ಪುನೀರು ತಡೀತದೇನ್ರಿ ಸಾಹೇಬ್ರ? ಎದುರಿಂದ ಬರೋದು ಸೀದಾ ಒಳಗ ಬೀಳ್ತದ.

ಬಾಲದಕೆಳಗೆ:
ತಿಮಿಂಗಿಲ ತೆಗೆಯೋ ವಿಧಾನ ಹೇಳಿಬಿಡ್ತೀನಿ, ಲೆನ್ಸ್ ಜಗಳ ನೀವು ಮುಂದುವರಿಸಿ. ಹಂಪ್‌ಬ್ಯಾಕ್ ಮೇಲೆ ಬಂದು ಸುಮಾರು ಸಲ ಉಸಿರು ಬಿಡುತ್ತೆ, ಪ್ರತಿ ಸಲ ಬೆನ್ನು ಅಷ್ಟಷ್ಟೇ ಕಾಣುತ್ತೆ. ಆಗ ತೆಗೆದ ಐವತ್ತು ಫೋಟೋ ಆಮೇಲೆ ಅಳಿಸೋದೇ. ಬೆನ್ನು ಬಿಲ್ಲಿನ ಹಾಗೆ ಎತ್ತರಕ್ಕೆ ಬಾಗಿತು ಅಂದ್ರೆ ಆಳಕ್ಕೆ ಹೊರಟಿದೆ, ಒಂದೆರಡು ಸೆಕೆಂಡಿನಲ್ಲಿ ಬಾಲ ಮೇಲೆ. ಅಲ್ಲಿ ಬರ್ಸ್ಟ್ (ಒಂದರ ಹಿಂದೊಂದು ಸತತ ಫೋಟೋ) ಬಿಡಿ. ಬಾಲ ಮುಳುಗಿದ ಮೇಲೆ ಐದು-ಹತ್ತು ನಿಮಿಷ ಬರಲ್ಲ, ಬ್ಯಾಟರಿ ಬದಲಿಸೋಕೆ ಅದೇ ಸಮಯ.

ಹಿಂದಿನಿಂದ ತೆಗೆದ್ರೆ ಬಾಲದ ಕೆಳಮೈ ಸಿಗುತ್ತೆ. ಆ ಕಪ್ಪು-ಬಿಳಿ ಗುರುತು ನಮ್ಮ ಬೆರಳಚ್ಚಿನ ಹಾಗೆ, ಒಂದೊಂದಕ್ಕೆ ಒಂದೊಂದು. ಹ್ಯಾಪಿವೇಲ್ ಜಾಲತಾಣಕ್ಕೆ ಹಾಕಿದ್ರೆ ಯಾವ ತಿಮಿಂಗಿಲ, ಮುಂಚೆ ಎಲ್ಲಿ ಕಂಡಿತ್ತು ಅಂತ ಹುಡುಕಿ ಹೇಳ್ತಾರೆ. ದಿನ, ಸಮಯ, ಜಾಗ ಬೇಕಾಗುತ್ತೆ, ಆದ್ದರಿಂದ ಕ್ಯಾಮೆರಾ ಗಡಿಯಾರ ಸರಿ ಮಾಡ್ಕೊಳ್ಳಿ. ಸಿಯಾಟಲ್, ವ್ಯಾಂಕೂವರಿನ ಸಮಯಕ್ಕಿಂತ ಅಲಾಸ್ಕಾ ಒಂದು ಗಂಟೆ ಹಿಂದೆ.

ಗುಂಪು ಗುಳ್ಳೆಬಲೆ ಹೆಣೆದು ಮೀನು ಹಿಡಿಯೋದು ಸಿಕ್ಕರೆ ನೀರಿನ ಮೇಲೆ ಗುಳ್ಳೆಗಳ ಉಂಗುರ ಮೂಡುತ್ತೆ, ಕಡಲಹಕ್ಕಿಗಳು ಅದರ ಮೇಲೆ ಮುತ್ತಿಕೊಳ್ತವೆ. ಜೂಮ್ 100ಕ್ಕೆ ಇಳಿಸಿ ಉಂಗುರಕ್ಕೆ ಗುರಿ ಇಡಿ. ಬರೋದು ಒಟ್ಟಿಗೇ, ಬಾಯಿ ತೆರ್ಕೊಂಡು.

ಪುಟ್ಟಬಟನ್:
ಫೋಕಸ್: ಪ್ರಾಣಿಯ ಕಣ್ಣು ಹುಡುಕೋ ವ್ಯವಸ್ಥೆ ತಿಮಿಂಗಿಲಕ್ಕೆ ನಂಬಬೇಡಿ, ಮುಂದಿನ ಅಲೆಯನ್ನ ಹಿಡ್ಕೊಂಡು ಕೂರುತ್ತೆ. ಸಣ್ಣ ಝೋನ್, ಕಂಟಿನ್ಯುಅಸ್, ಹಿಂದಿನ ಬಟನ್ನಿನಿಂದ ಫೋಕಸ್. ಲೆನ್ಸಿನಲ್ಲಿ ಫೋಕಸ್ ಹುಡುಕೋ ದೂರಕ್ಕೆ ಮಿತಿ ಹಾಕೋ ಲಿಮಿಟರ್ ಸ್ವಿಚ್ ಇದ್ರೆ ದೂರಕ್ಕೆ ಹಾಕಿ. ಇಲ್ಲಾಂದ್ರೆ ಒಂದು ಸಲ ತಪ್ಪಿದಾಗ ಮೂತಿ ಪೂರ್ತಿ ಒಳಗೆ ಹೋಗಿ ಹೊರಗೆ ಬರೋ ಹೊತ್ತಿಗೆ ಬಾಲ ಮುಳುಗಿರುತ್ತೆ.

ಮಂಗಳಾರತಿ:
ಇಷ್ಟೆಲ್ಲ ಕಣ್ಣಿಗೆ ಹಿಡ್ಕೊಂಡು ನಿಂತರೆ ವಾಂತಿ ಬರ್ಲಿಕ್ಕಿಲ್ಲವಾ?

ಸಣ್ಣಚೀಲ:
ಬರುತ್ತೆ. ವ್ಯೂಫೈಂಡರಿನಲ್ಲಿ ದಿಗಂತ ಕಾಣೋದಿಲ್ಲ, ಕಿವಿಯೊಳಗಿನ ತಕ್ಕಡಿಗೂ ಕಣ್ಣಿಗೂ ತಾಳ ತಪ್ಪುತ್ತೆ. ಆಗಾಗ ಕ್ಯಾಮೆರಾ ಇಳಿಸಿ ದೂರ ನೋಡಿ. ಕೆಳಗಿನ ಡೆಕ್ಕಿನ ಮಧ್ಯಭಾಗ ಕಮ್ಮಿ ತೂಗಾಡುತ್ತೆ. ಫೋಟೋಗೂ ಕೆಳಗಿನ ಡೆಕ್ಕೇ ಒಳ್ಳೇದು. 12ನೇ ಡೆಕ್ಕಿಂದ ತೆಗೆದ ತಿಮಿಂಗಿಲ ತಟ್ಟೆಯಲ್ಲಿಟ್ಟ ಮೀನಿನ ಥರ ಕಾಣುತ್ತೆ. ದುರ್ಬೀನು ಒಯ್ಯೋದಾದ್ರೆ 8×42, 10 ಪಟ್ಟಿನದ್ದು ತೂಗೋ ಡೆಕ್ಕಿನಲ್ಲಿ ನಿಲ್ಲಲ್ಲ.

ದಕ್ಷಿಣಧ್ರುವ:
ಅಂಟಾರ್ಕ್ಟಿಕಾ ಹೋಗೋರು ಇದೇ ಪಟ್ಟಿ ನಕಲು ಮಾಡ್ಬೇಡಿ. ಅಲ್ಲಿ ಪೆಂಗ್ವಿನ್‌ಗೆ 5 ಮೀಟರ್ ದೂರ ಬಿಡಬೇಕು ಅಷ್ಟೇ, 70-200 ಧಾರಾಳ ಸಾಕು. ದಡಕ್ಕೆ ರಬ್ಬರ್ ದೋಣಿಯಲ್ಲಿ ಹೋಗೋದು, ಸುತ್ತಿ ಮುಚ್ಚೋ 20 ಲೀಟರಿನ ಡ್ರೈ ಬ್ಯಾಗ್ ಕ್ಯಾಮೆರಾದಷ್ಟೇ ಮುಖ್ಯ. ಬ್ಯಾಗಿನ ವೆಲ್ಕ್ರೋ, ಟ್ರೈಪಾಡ್ ಕಾಲಿನಲ್ಲಿ ಬೀಜ-ಮಣ್ಣು ಇದೆಯಾ ಅಂತ ತಪಾಸಣೆ ಆಗುತ್ತೆ. ಹಕ್ಕಿಜ್ವರದ ಕಾರಣಕ್ಕೆ ನೆಲದ ಮೇಲೆ ಮಲಗೋದು, ಬ್ಯಾಗ್ ಇಡೋದು ಬೇಡ ಅಂತಾರೆ. ಪೆಂಗ್ವಿನ್ ಎತ್ತರದಿಂದ ತೆಗೀಬೇಕು ಅಂದ್ರೆ ಮಡಚೋ ಸ್ಕ್ರೀನ್ ಇರೋ ಬಾಡಿ ಬೇಕು.

ಬಿಸಿಲುಕುದುರೆ:
ಡ್ರೋನ್ ಒಯ್ದರೆ ಇದೆಲ್ಲ ತಲೆನೋವೇ ಇಲ್ಲ.

ದಕ್ಷಿಣಧ್ರುವ:
ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ಅಮೆರಿಕದ ಉದ್ಯಾನಗಳಲ್ಲಿ 2014ರಿಂದ ಡ್ರೋನ್ ನಿಷೇಧ. ಮನೇಲೇ ಬಿಡಿ.

ಕಡಲಕಾಗೆ:
ಸರಿ, 100-400 ಬಾಡಿಗೆಗೆ ತಗೋತೀನಿ, 18-135 ಜೊತೆಗೆ. ಹಳೇ ಎಪಿಎಸ್-ಸಿ ಬಾಡಿ ಇನ್ನೊಂದು ಕಪಾಟಿನಲ್ಲಿದೆ, ಅದನ್ನೂ ಒಯ್ಯಲಾ?

ಲೆಕ್ಕದಪುಸ್ತಕ:
ಖಂಡಿತ. ಒಂದಕ್ಕೆ 100-400, ಒಂದಕ್ಕೆ 18-135, ಡೆಕ್ಕಿನ ಗಾಳಿಯಲ್ಲಿ ಲೆನ್ಸ್ ಬಿಚ್ಚೋದೇ ಬೇಡ. ಒಂದು ಕೆಟ್ಟರೂ ಪ್ರವಾಸ ನಿಲ್ಲಲ್ಲ.
ಕಾರ್ಡ್: ತಿಮಿಂಗಿಲ ಟ್ರಿಪ್ಪಿನಲ್ಲಿ 2,000 ಫೋಟೋ ಸುಲಭವಾಗಿ ಆಗುತ್ತೆ, ರಾ ಒಂದಕ್ಕೆ 30 ಎಂಬಿ ಅಂದ್ರೂ 60 ಜಿಬಿ. 128ರದ್ದು ಮೂರು ಇರಲಿ, ರಾತ್ರಿ ಎಸ್‌ಎಸ್‌ಡಿಗೆ ಒಂದು ಪ್ರತಿ. ಹಡಗಿನ ಇಂಟರ್ನೆಟ್ ನಂಬಿ ಕ್ಲೌಡ್ ಅಂತ ಕೂರಬೇಡಿ.
ಬ್ಯಾಟರಿ ಒಂದೊಂದು ಕ್ಯಾಮೆರಾಕ್ಕೂ ಮೂರು, ಎರಡು ಒಳಜೇಬಿನಲ್ಲಿ ಬೆಚ್ಚಗೆ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಎಲ್ಲಾ ಕೈಚೀಲದಲ್ಲೇ, ಪವರ್ ಬ್ಯಾಂಕೂ ಅಷ್ಟೇ.

ಸಣ್ಣಚೀಲ:
ಚಾರ್ಜ್ ಮಾಡೋಕೆ ಸರ್ಜ್ ಪ್ರೊಟೆಕ್ಟರ್ ಇರೋ ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ಯಬೇಡಿ, ಹಡಗು ಹತ್ತೋವಾಗ ಕಿತ್ಕೋತಾರೆ. ಹಡಗಿನ ವಿದ್ಯುತ್ ಜೋಡಣೆ ಮನೆಯ ಥರ ಅಲ್ಲ, ಅದರಿಂದ ಬೆಂಕಿಯ ಭಯ. ನಾಲ್ಕು ಯುಎಸ್‌ಬಿ ಕಿಂಡಿ ಇರೋ ಚಾರ್ಜರ್ ಒಂದು ಸಾಕು.

ಉದ್ದಮೂತಿ:
100-400 ಬಾಡಿಗೆಗೆ ತಗೊಳ್ಳೋದಾದ್ರೆ ಹೊರಡೋಕೆ ನಾಲ್ಕು ದಿನ ಮುಂಚೆ ಕೈಗೆ ಬರೋ ಹಾಗೆ ನೋಡ್ಕೊಳ್ಳಿ. ರಸ್ತೆಯಲ್ಲಿ ಓಡೋ ಬೈಕು, ಹಾರೋ ಪಾರಿವಾಳ ಹಿಡಿದು ನೋಡಿ, ಜೂಮ್ ಯಾವ ಕಡೆ ತಿರುಗುತ್ತೆ ಅಂತ ಕೈಗೆ ಗೊತ್ತಾಗಲಿ. 600ರ ಬಗ್ಗೆ ನನ್ನ ಮಾತು ಇನ್ನೂ ಹಾಗೇ ಇದೆ, ಹೇಳಿರ್ತೀನಿ.

ಲೆಕ್ಕದಪುಸ್ತಕ:
ಗೊತ್ತಿತ್ತು 😄 ಕಡಲಕಾಗೆಯವರೇ, ಆ ಲೆನ್ಸಿನ ಟ್ರೈಪಾಡ್ ಕಾಲರ್ (ಟ್ರೈಪಾಡಿಗೆ ಕೂರಿಸೋ ಬಳೆ) ಬಿಚ್ಚೋ ಹಾಗಿದ್ರೆ ಬಿಚ್ಚಿ ಮನೇಲಿಡಿ, ಅಷ್ಟು ತೂಕ ಕಮ್ಮಿ.